ನಿವೃತ್ತ ರೇಸ್ ಕುದುರೆಗಳ ಆಶ್ರಯಧಾಮದಲ್ಲಿ ಭೇಟಿ ದಿನ: ಬೇಲಿಯಿಂದ ರಸೀದಿಯವರೆಗಿನ ಕೆಲಸದ ದಾಖಲೆ

ಕರ್ನಾಟಕದಲ್ಲಿ ಕುದುರೆ ಪಂದ್ಯ ನಡೆಯುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಓಟ ನಿಲ್ಲಿಸಿ ಘಟ್ಟ ಇಳಿದು ಬಂದ ಥರೋಬ್ರೆಡ್ (ಪಂದ್ಯದ ತಳಿ) ಕುದುರೆಗೆ ಕರಾವಳಿ ಸುಲಭದ ಊರಲ್ಲ. ಇಲ್ಲಿಯ ಹವೆಯಲ್ಲಿ ಬೆವರು ಆರುವುದಿಲ್ಲ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಕಾಲಿಗೆ ಪೆಟ್ಟು ಕೊಡುತ್ತದೆ, ಮಳೆಗಾಲದಲ್ಲಿ ಒಣಹುಲ್ಲಿಗೆ ಬೂಸ್ಟು ಹಿಡಿಯುತ್ತದೆ. ಪಂದ್ಯ ಬಿಡುವಾಗ ಬಹುತೇಕ ಕುದುರೆಗಳಿಗೆ ಹತ್ತು ವರ್ಷವೂ ತುಂಬಿರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ 25 ದಾಟಿ ಬದುಕುತ್ತವೆ. ಅಷ್ಟು ವರ್ಷಗಳ ಮೇವಿನ ಖರ್ಚು ಯಾರೋ ಒಬ್ಬ ದೊಡ್ಡ ದಾನಿಯಿಂದ ನಡೆಯುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಡುವ ಜನ ಬೇಕು, ಅವರು ಕುದುರೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಭೇಟಿ ದಿನ ಇರುವುದು ಇದಕ್ಕೆ.

ಕೆಳಗಿನ ಅಳತೆಗಳೆಲ್ಲ ಉಡುಪಿ ಸುತ್ತಿನ ಮುರಕಲ್ಲು ಗುಡ್ಡೆಯ ಮೂರು ಎಕರೆ ಜಾಗ, ಎಂಟು ಕುದುರೆ, ದಿನಕ್ಕೆ 300 ಜನ ಎಂಬ ಲೆಕ್ಕದವು. 300 ಮಂದಿಯನ್ನು ಒಟ್ಟಿಗೆ ಬಿಡುವುದಿಲ್ಲ, 75 ಜನರ ನಾಲ್ಕು ತಂಡ. ಬೆಳಿಗ್ಗೆ 7.30 ಮತ್ತು 8.45ಕ್ಕೆ, ಸಂಜೆ 3.45 ಮತ್ತು 5ಕ್ಕೆ. ಪ್ರತಿ ತಂಡಕ್ಕೆ ಒಂದು ಗಂಟೆ, ನಡುವೆ ಕಾಲು ಗಂಟೆ ಬಿಡುವು. ಹತ್ತರಿಂದ ಮೂರೂವರೆವರೆಗೆ ಲಾಯದ ಹತ್ತಿರ ಯಾರೂ ಸುಳಿಯಬಾರದು. ಮೇವು, ನಿದ್ದೆ, ಸಗಣಿ ತೆಗೆಯುವುದು ಎಲ್ಲ ಎಂದಿನ ಹೊತ್ತಿಗೇ ನಡೆಯಬೇಕು. ಪಂದ್ಯದ ಕುದುರೆ ಗಡಿಯಾರದಂತೆ ಬೆಳೆದ ಪ್ರಾಣಿ. ಮೇವಿನ ಹೊತ್ತು ತಪ್ಪಿದರೆ ಅದರ ಹೊಟ್ಟೆ ಮೊದಲು ಕೆಡುತ್ತದೆ.

ದಿನಾಂಕ ಆರಿಸುವಾಗ

ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಸರಿ. ಮಾರ್ಚ್ ಬಂದರೆ ಸೆಕೆ ಏರುತ್ತದೆ, ಜೂನ್ ನಂತರ ನೆಲ ಕೆಸರು. ತೊಂದರೆ ಏನೆಂದರೆ, ಊರಿನ ಎಲ್ಲ ಗದ್ದಲವೂ ಇದೇ ತಿಂಗಳುಗಳಲ್ಲಿ. ದೀಪಾವಳಿ ಕಳೆದು ಶುರುವಾದ ನೇಮ, ಕೋಲ, ಜಾತ್ರೆ ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ನಡೆಯುತ್ತವೆ. ಶನಿವಾರ, ಭಾನುವಾರ ಕಂಬಳ. ಹತ್ತಿರದ ದೈವಸ್ಥಾನ, ದೇವಸ್ಥಾನ, ಇಗರ್ಜಿಗಳ ಆಮಂತ್ರಣ ಪತ್ರಿಕೆ ನೋಡದೆ ದಿನ ನಿಗದಿ ಮಾಡಬೇಡಿ. ಅರ್ಧ ಕಿಲೋಮೀಟರ್ ದೂರದಲ್ಲಿ ಗರ್ನಾಲ್ (ಸಿಡಿಮದ್ದು) ಸಿಡಿದರೂ ಪಂದ್ಯದ ಕುದುರೆ ಲಾಯದ ಗೋಡೆಗೆ ಒದ್ದುಕೊಳ್ಳುತ್ತದೆ. ಹಿಂದಿನ ರಾತ್ರಿ ಯಕ್ಷಗಾನ ಇದ್ದರೂ ಬೇಡ, ಕುದುರೆಗಳು ನಿದ್ದೆಗೆಟ್ಟಿರುತ್ತವೆ.

ಸೆಕೆಯನ್ನು ಅಂದಾಜಿನಲ್ಲಿ ಬಿಡಬಾರದು. ತಾಪಮಾನವನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಂಡು ಅದಕ್ಕೆ ಆರ್ದ್ರತೆಯ ಶೇಕಡಾ ಅಂಕಿ ಕೂಡಿಸಿ. 130ರ ಒಳಗಿದ್ದರೆ ಕುದುರೆಗೆ ಸಲೀಸು. 150 ದಾಟಿದರೆ ಬೆವರಿನಿಂದ ಮೈ ತಣಿಯುವುದು ಕುಂಠಿತ, 180ರಲ್ಲಿ ತಣಿಯುವುದೇ ಇಲ್ಲ. 31 ಡಿಗ್ರಿ ಸೆಲ್ಸಿಯಸ್ ಎಂದರೆ 88, ಆರ್ದ್ರತೆ 65, ಒಟ್ಟು 153. ನಮ್ಮ ಕಡೆ ವರ್ಷದ ಬಹುತೇಕ ದಿನ 130ರ ಮೇಲೆಯೇ. ಈ ಲೆಕ್ಕದಲ್ಲಿ ಬಿಸಿಲಿನ ಝಳ ಸೇರಿಲ್ಲ ಎಂಬುದೂ ನೆನಪಿರಲಿ. ಹಾಗಾಗಿ ಭೇಟಿ ದಿನ ಕುದುರೆಯನ್ನು ನಡೆಸಬಹುದೇ ಹೊರತು ಓಡಿಸುವಂತಿಲ್ಲ, ನಿಲ್ಲಿಸುವುದಾದರೆ ನೆರಳಲ್ಲಿ ಮಾತ್ರ. ಸೆಕೆಯ ಊರಿಗೆ ಬಂದ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುತ್ತದೆ. ಚರ್ಮ ಒಣಗಿ, ಕೂದಲು ಉದುರಿ, ನಿಂತಲ್ಲೇ ಏದುಸಿರು ಬಿಡುತ್ತವೆ. ಅಂಥದ್ದನ್ನು ಜನರ ಮುಂದೆ ತರಲೇಬಾರದು, ಹಿಂದಿನ ಲಾಯದಲ್ಲಿ ಫ್ಯಾನಿನ ಕೆಳಗೆ ಇರಲಿ.

ಬೇಲಿ

ಆರು ವಾರ ಮೊದಲು ಕೈಹಾಕಬೇಕಾದ ಕೆಲಸ ಇದು, ಅರ್ಧ ಶ್ರಮ ಇದಕ್ಕೇ ಹೋಗಲಿ. ಕುದುರೆ ಇರುವ ಅಂಗಳದ ಬೇಲಿ ಹೇಗೂ ಇದೆ, ನಾಲ್ಕೂವರೆ ಅಡಿ ಎತ್ತರದ್ದು. ಅದರ ಮುಂದೆ ಎರಡು ಮೀಟರ್ ಬಿಟ್ಟು ಜನರಿಗೆ ಎರಡನೇ ಗೆರೆ ಬೇಕು. ಕುದುರೆ ಬೇಲಿಯ ಮೇಲಿಂದ ಕತ್ತು ಚಾಚಿದರೆ ಸುಮಾರು ಒಂದು ಮೀಟರ್ ತಲುಪುತ್ತದೆ, ಮಗು ಕೈ ಚಾಚಿದರೆ ಇನ್ನು ಅರ್ಧ ಮೀಟರ್. ಉಳಿದ ಅರ್ಧ ಮೀಟರ್ ಸೈಸ್ (ಕುದುರೆ ನೋಡಿಕೊಳ್ಳುವವನು) ಓಡಾಡಲು. ಒಂದು ಮೀಟರ್ ಅಂತರದಲ್ಲಿ ಹಗ್ಗ ಕಟ್ಟಿದ ಜಾಗಗಳಲ್ಲಿ ಕುದುರೆ ಕಚ್ಚುವುದು ಬನ್ಸ್ ಹಿಡಿದ ಮಗುವಿನ ಬೆರಳನ್ನು.

40 ಮೀಟರ್ ಉದ್ದಕ್ಕೆ ಎರಡೂವರೆ ಮೀಟರಿಗೆ ಒಂದರಂತೆ 17 ಕಂಬ. ಗಾಳಿಮರದ ಕಂಬ ಒಳ್ಳೆಯದು, ಮೂರು ಇಂಚು ದಪ್ಪ, ಆರು ಅಡಿ ಉದ್ದ, ಎರಡು ಅಡಿ ನೆಲದೊಳಗೆ. ಮುರಕಲ್ಲಿನಲ್ಲಿ ಪಿಕ್ಕಾಸು ಹಾಕಿ ಗುಂಡಿ ತೋಡುವುದು ನಿಧಾನದ ಕೆಲಸ, ಹಿಂದಿನ ಸಂಜೆ ಗುರುತಿನ ಮೇಲೆ ನೀರು ನಿಲ್ಲಿಸಿದರೆ ಮೇಲಿನ ಪದರ ಸಡಿಲವಾಗುತ್ತದೆ. ಅಡಿಕೆ ಮರದ ಸಲಾಕೆ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಅದರ ಸಿಬಿರು ಕೈಗೂ ಕುದುರೆಯ ಎದೆಗೂ ಚುಚ್ಚುತ್ತದೆ, ಬೇಡ. ಮುಳ್ಳುತಂತಿ ಯಾವ ಕಾರಣಕ್ಕೂ ಬೇಡ, ಹಿಂದಿನ ಗಡಿಯಲ್ಲಿದ್ದರೂ ತೆಗೆದುಬಿಡಿ. ಹಗ್ಗ 12 ಮಿಲಿಮೀಟರ್ ದಪ್ಪದ ತೆಂಗಿನ ನಾರಿನದು, ಎರಡು ಸಾಲು: ಮೇಲಿನದು ಮೂರು ಅಡಿ ಎತ್ತರಕ್ಕೆ, ಕೆಳಗಿನದು ಒಂದೂವರೆ ಅಡಿಗೆ. ಕೆಳಗಿನ ಸಾಲು ಇಲ್ಲದಿದ್ದರೆ ಐದು ವರ್ಷದ ಮಕ್ಕಳು ನುಸುಳಿ ಒಳಗೆ ಹೋಗುತ್ತಾರೆ. ಎರಡು ಸಾಲಿಗೆ 80 ಮೀಟರ್, ಪ್ರತಿ ಕಂಬದ ಸುತ್ತಿಗೆ 30 ಸೆಂಟಿಮೀಟರ್ ಹೆಚ್ಚುವರಿ ಹಿಡಿದರೆ ಇನ್ನು ಹತ್ತು. 100 ಮೀಟರ್ ತನ್ನಿ. ನೈಲಾನ್ ಹಗ್ಗ ಬಿಸಿಲಿಗೆ ಜೋಲು ಬೀಳುತ್ತದೆ, ಗಾಬರಿಯಲ್ಲಿ ಎಳೆದವರ ಅಂಗೈ ಸುಡುತ್ತದೆ.

ಎರಡು ಗೆರೆಗಳ ನಡುವಿನ ಓಣಿ ಎರಡೂ ತುದಿಯಲ್ಲಿ ತೆರೆದಿರಲಿ. ಒಂದು ತುದಿ ಮುಚ್ಚಿದರೆ ಸೈಸ್ ಸಿಕ್ಕಿಹಾಕಿಕೊಳ್ಳುತ್ತಾನೆ.

ಕುದುರೆ ನಿಲ್ಲಿಸಿ ತೋರಿಸುವ ಜಾಗ ಹತ್ತು ಮೀಟರ್ ಉದ್ದ, ಅಷ್ಟೇ ಅಗಲ. ಬರೀ ಮುರಕಲ್ಲು ಗಟ್ಟಿ. ಸಡಿಲ ಮರಳು ಹೆಚ್ಚಾದರೆ ಹಳೆಯ ಸ್ನಾಯುರಜ್ಜು ಗಾಯ ಇರುವ ಮುಂಗಾಲಿಗೆ ಎಳೆತ, ಅದು ಇನ್ನೂ ಕೆಟ್ಟದ್ದು. ಆರು ಸೆಂಟಿಮೀಟರ್ ಮರಳು ಸಾಕು. ಲೆಕ್ಕ ಹಾಕಿದರೆ ಆರು ಘನ ಮೀಟರ್, ಅಂದರೆ ನೂರು ಘನ ಅಡಿಯ ಎರಡು ಯೂನಿಟ್‌ಗಿಂತ ಸ್ವಲ್ಪ ಮೇಲೆ. ಹರಡಿ, ನೀರು ಚಿಮುಕಿಸಿ, ಒಂದು ವಾರ ಕುದುರೆಯನ್ನು ಅದರ ಮೇಲೆ ದಿನವೂ ನಡೆಸಿ. ಹೊಸ ನೆಲದ ಬಣ್ಣಕ್ಕೂ ಕುದುರೆ ಹೆದರುತ್ತದೆ.

ನೀರು, ಗಾಳಿ, ಬೆಂಕಿ

ನೀರಿನ ಲೆಕ್ಕ ಹೀಗೆ. ಕುಡಿಯಲು ಕುದುರೆಗೆ ದಿನಕ್ಕೆ 40 ಲೀಟರ್, ಎಂಟಕ್ಕೆ 320. ಮೈ ತಣಿಸಲು ತೆಗೆದಿಟ್ಟದ್ದು 400. ಕೈ ತೊಳೆಯಲು ಒಬ್ಬರಿಗೆ ಒಂದೂವರೆ ಲೀಟರ್, 300 ಜನಕ್ಕೆ 450. ಅರ್ಧದಷ್ಟು ಜನ ಶೌಚಾಲಯಕ್ಕೆ ಹೋದರೆ ಐದು ಲೀಟರಿನಂತೆ 750. ಒಟ್ಟು 1,920. ಎರಡು ಸಾವಿರ ಲೀಟರಿನ ಒಂದೇ ಟ್ಯಾಂಕ್ ಕಾಗದದಲ್ಲಿ ಸಾಲುತ್ತದೆ, ನಿಜದಲ್ಲಿ ಸಾಲುವುದಿಲ್ಲ. ಕರೆಂಟು ಹೋದರೆ ಬಾವಿಯ ಪಂಪು ನಿಲ್ಲುತ್ತದೆ, ಯಾರೋ ನಲ್ಲಿ ತಿರುಗಿಸದೆ ಹೋಗುತ್ತಾರೆ. ಸಾವಿರದ ಮೂರು ಟ್ಯಾಂಕ್ ಇಡಿ, ಅದರಲ್ಲಿ ಒಂದು ಕುದುರೆಗೆ ಮಾತ್ರ, ಬೇರೆ ಕೊಳವೆ ಜೋಡಿಸದೆ. ಜನರಿಗೆ ಕುಡಿಯುವ ನೀರು 20 ಲೀಟರಿನ 15 ಕ್ಯಾನ್, ಪ್ರತ್ಯೇಕ.

ಗಾಳಿಯ ದಿಕ್ಕು ನೋಡಿ ಅಂಗಡಿ ಹಾಕಬೇಕು. ಚಳಿಗಾಲದ ಬೆಳಿಗ್ಗೆ ಗಾಳಿ ಮೂಡಣದಿಂದ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ತಿರುಗುತ್ತದೆ. ಅಡುಗೆಯನ್ನು ಲಾಯದ ಪೂರ್ವಕ್ಕೆ ಇಟ್ಟರೆ ಬೆಳಿಗ್ಗೆ ಹೊಗೆ ಒಳಗೆ, ಪಶ್ಚಿಮಕ್ಕೆ ಇಟ್ಟರೆ ಸಂಜೆ ಒಳಗೆ. ದಕ್ಷಿಣಕ್ಕೆ ಇಡಿ, 30 ಮೀಟರ್ ದೂರ. ಕುದುರೆಯ ಶ್ವಾಸಕೋಶ ಧೂಳು, ಹೊಗೆ ಎರಡಕ್ಕೂ ಸೂಕ್ಷ್ಮ. ಕರಿಯುವ ಒಲೆಯೇ ಇಲ್ಲದಿದ್ದರೆ ಇನ್ನೂ ನೆಮ್ಮದಿ. ಗೋಳಿಬಜೆಯ ಬಾಣಲೆಯ ಬದಲು ಮನೆಯಲ್ಲೇ ಮಾಡಿ ತಂದ ಮೂಡೆ, ಕೊಟ್ಟೆ ಕಡುಬು, ಬನ್ಸ್, ಜೊತೆಗೆ ಪುನರ್ಪುಳಿ ಶರಬತ್ತು. ಮಾರಾಟ ಚೆನ್ನಾಗಿಯೇ ಆಗುತ್ತದೆ.

ಶಾಮಿಯಾನದ ಬಟ್ಟೆ ಕಡಲ ಗಾಳಿಗೆ ಪಟಪಟ ಬಡಿದರೆ ಕುದುರೆ ನಿಲ್ಲುವುದಿಲ್ಲ. ಕುದುರೆ ಕಾಣುವಷ್ಟು ದೂರದಲ್ಲಿ ಹಸಿ ಮಡಲಿನ (ತೆಂಗಿನ ಗರಿಯ) ಚಪ್ಪರವೇ ಸರಿ, ಅದೂ ಎರಡು ದಿನ ಮೊದಲು ಹೊದಿಸಿದ್ದು. ಒಣಗಿದ ಮಡಲು ಸದ್ದು ಮಾಡುತ್ತದೆ, ಕಿಡಿ ತಾಗಿದರೆ ಹಿಡಿಯುತ್ತದೆ.

ಪಾರ್ಕಿಂಗಿಗೆ ಎರಡು ತಂಡ ಒಟ್ಟಿಗೆ ಸೇರುವ ಹದಿನೈದು ನಿಮಿಷದ ಲೆಕ್ಕ ಹಿಡಿಯಿರಿ: 25 ಕಾರು, 50 ಬೈಕು. ಕಾರಿಗೆ ದಾರಿ ಸೇರಿ 25 ಚದರ ಮೀಟರ್, ಬೈಕಿಗೆ ಮೂರು. 775 ಚದರ ಮೀಟರ್ ಎಂದರೆ ಸುಮಾರು 19 ಸೆಂಟ್ಸ್. ಆ ಜಾಗದ ಮುಳಿಹುಲ್ಲು ಡಿಸೆಂಬರಿಗೆ ಒಣಗಿ ನಿಂತಿರುತ್ತದೆ, ಬಿಸಿ ಸೈಲೆನ್ಸರ್ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಂದು ವಾರ ಮೊದಲು ಬುಡದವರೆಗೆ ಕತ್ತರಿಸಿ, ಗುಡಿಸಿ, ಸುಡದೆ ಸಾಗಿಸಿ. ಹುಲ್ಲಿನ ಕೊಟ್ಟಿಗೆಯ ಎರಡೂ ಬಾಗಿಲಲ್ಲಿ ಆರು ಕಿಲೋದ ಎಬಿಸಿ ಪೌಡರ್ ಸಿಲಿಂಡರ್, ನಾಲ್ಕು ಬಕೆಟ್ ಮರಳು.

ಯಾವ ಕುದುರೆ, ಎಷ್ಟು ಹೊತ್ತು

ಎಂಟರಲ್ಲಿ ಮೂರನ್ನು ಮಾತ್ರ ಮುಂದೆ ತನ್ನಿ. ಒಂದೊಂದು 30 ನಿಮಿಷ, ಆಮೇಲೆ ಅದಲು ಬದಲು. ಹಿಡ ಮಾಡಿದ (ಬೀಜ ತೆಗೆದ) ಗಂಡು ಅಥವಾ ಸಮಾಧಾನದ ಹೆಣ್ಣು ಇರಲಿ. ಹಿಡ ಮಾಡದ ಗಂಡು, ಬಂದು ಮೂರು ತಿಂಗಳಾಗದ್ದು, ಕುಂಟುವುದು, ಮೈ ಮುಟ್ಟಿದರೆ ಕಿವಿ ಹಿಂದಕ್ಕೆ ಮಡಚುವುದು ಹಿಂದೆಯೇ ಇರಲಿ. ಜೋಡಿಯಾಗಿ ಬೆಳೆದ ಎರಡು ಇದ್ದರೆ ಒಂದನ್ನು ಮಾತ್ರ ತಂದು ಇನ್ನೊಂದನ್ನು ಕಣ್ಮರೆ ಮಾಡಬೇಡಿ, ಇಡೀ ಲಾಯ ಕೆನೆಯುತ್ತದೆ. ಮುಂದೆ ನಿಂತ ಕುದುರೆ ಬಾಲ ಬೀಸುವುದು, ತಲೆ ಒದರುವುದು, ಕಾಲು ಬದಲಿಸುತ್ತಲೇ ಇರುವುದು, ತೊಡೆಯ ನಡುವೆ ನೊರೆ ಬೆವರು ಕಾಣಿಸಿದರೆ 30 ನಿಮಿಷ ತುಂಬಲು ಕಾಯದೆ ಒಳಗೆ ಒಯ್ಯಬೇಕು. ಈ ತೀರ್ಮಾನ ಸೈಸ್‌ನದು. ಅಧ್ಯಕ್ಷರು, ಅತಿಥಿಗಳು ಯಾರೂ ಅದರ ಮೇಲೆ ಮಾತಾಡಬಾರದು.

ಪಂದ್ಯದ ಕುದುರೆಗೆ ಕೆಲವು ಸದ್ದುಗಳೆಂದರೆ ಓಟ. ಗಂಟೆ, ಕಬ್ಬಿಣದ ಗೇಟು ಬಡಿಯುವುದು, ಮೈಕಿನಲ್ಲಿ ಏರುದನಿಯ ಘೋಷಣೆ, ಗುಂಪಿನ ಚಪ್ಪಾಳೆ. ಓಟ ಬಿಟ್ಟು ವರ್ಷಗಳಾದರೂ ಅದರ ಮೈ ಮರೆತಿರುವುದಿಲ್ಲ. ಗೇಟಿನ ಚಿಲಕಕ್ಕೆ ಸೈಕಲ್ ಟ್ಯೂಬ್ ತುಂಡು ಸುತ್ತಿ. ಮೈಕ್ ಬೇಕೇ ಬೇಕೆಂದರೆ ಚಿಕ್ಕ ಪೆಟ್ಟಿಗೆ, ಲಾಯಕ್ಕೆ ಬೆನ್ನು ಮಾಡಿ, ಪೊಲೀಸರ ಲಿಖಿತ ಅನುಮತಿ ಪಡೆದು. ಚೆಂಡೆ, ಬಲೂನು, ಡ್ರೋನ್ ಇಲ್ಲ. ಕೊಡೆ ಗೇಟಿನಲ್ಲೇ ಬಿಟ್ಟು ಬರಲಿ, ಥಟ್ಟನೆ ಬಿಚ್ಚಿದ ಕೊಡೆಯಷ್ಟು ಕುದುರೆಯನ್ನು ಬೆಚ್ಚಿಸುವ ವಸ್ತು ಕಡಿಮೆ.

ಎರಡು ವಾರ ಮೊದಲು ಒಂದು ತಾಲೀಮು ಅಗತ್ಯ. ಇಪ್ಪತ್ತು ಸ್ವಯಂಸೇವಕರು ಬಣ್ಣ ಬಣ್ಣದ ಬಟ್ಟೆ ಹಾಕಿ, ಮಾತಾಡುತ್ತ, ಮೊಬೈಲ್ ಎತ್ತಿ ಹಗ್ಗದ ಹೊರಗೆ ಓಡಾಡಲಿ. ಯಾವ ಕುದುರೆ ಒಗ್ಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಸೈಸ್‌ಗಳು ಲೀಡ್ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರೆ ಅದೂ ಗೊತ್ತಾಗುತ್ತದೆ. ಹಗ್ಗವನ್ನು ಮಡಚಿ ಹಿಡಿಯಬೇಕು, ಸುತ್ತಬಾರದು. ಕುದುರೆ ಎಳೆದರೆ ಬೆರಳು ಹೋಗುತ್ತದೆ.

ಮಕ್ಕಳ ಸವಾರಿ ಇಟ್ಟರೆ ದುಡ್ಡು ಬರುತ್ತದೆ ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. ಇಡಬೇಡಿ. ಈ ಪ್ರಾಣಿಗಳು ಕಾಲು ಸವೆದು ವಿಶ್ರಾಂತಿಗೆ ಬಂದವು, ಬೆನ್ನ ಮೇಲೆ ಭಾರ ಬಿದ್ದ ಕೂಡಲೇ ಓಡುವುದನ್ನೇ ಕಲಿತವು. ಮುಟ್ಟುವ ಅವಕಾಶಕ್ಕೆ ಒಂದೇ ಕುದುರೆ, ನಾಲ್ಕು ಜನರಂತೆ, ಭುಜದ ಬದಿಯಿಂದ, ಸೈಸ್ ಪಕ್ಕದಲ್ಲಿ ನಿಂತಿರುವಾಗ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿಯ ಕಡೆ ದಾರಿ ಇರಬಾರದು. ನಲ್ಲಿಗಳನ್ನು ಆ ದಾರಿಗೇ ಅಡ್ಡ ಇಡಿ.

ಒಂದು ತಿಂಗಳು ಮೊದಲೇ ವೈದ್ಯರಿಂದ ಎಲ್ಲ ಕುದುರೆಗಳ ತಪಾಸಣೆ ಮುಗಿದಿರಲಿ. ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಮುಖ್ಯ. ಅದು ಮನುಷ್ಯರಿಗೂ ಹರಡುವ, ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಧನುರ್ವಾಯು ಮತ್ತು ರೇಬೀಸ್ ಲಸಿಕೆಯ ದಾಖಲೆ ಗೋಡೆಯ ಮೇಲೆ ಹಾಕಿ. ಆ ದಿನ ವೈದ್ಯರೊಬ್ಬರು ಸ್ಥಳದಲ್ಲೇ ಇರಬೇಕು. ಪಶುವೈದ್ಯ ಸಹಾಯವಾಣಿ 1962, ಆಂಬುಲೆನ್ಸ್ 108, ಇವೆರಡನ್ನು ದೊಡ್ಡದಾಗಿ ಬರೆದು ಹಾಕಿ.

ಬಂದವರು ತಿನ್ನಿಸುವುದನ್ನು ಪೂರ್ತಿ ನಿಲ್ಲಿಸಲಾಗದು, ದಾರಿ ಬದಲಿಸಬಹುದು. ಕ್ಯಾರೆಟ್ಟನ್ನು ಉದ್ದುದ್ದ ಸೀಳಿ ಬಕೆಟ್ಟಿನಲ್ಲಿಡಿ. ಬಂದವರು ಬಕೆಟ್ಟಿಗೆ ಹಾಕುತ್ತಾರೆ, ಸೈಸ್ ತಿನ್ನಿಸುತ್ತಾನೆ. ದುಂಡಗೆ ಹೆಚ್ಚಿದ ಬಿಲ್ಲೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಬ್ರೆಡ್, ಬನ್ಸ್, ಬೆಲ್ಲದುಂಡೆ ಬೇಡ. ಅಲಂಕಾರದ ಹೂವನ್ನೂ ನೋಡಬೇಕು. ಗೊಂಡೆ (ಚೆಂಡು ಹೂ) ಆಗುತ್ತದೆ. ಕಣಗಿಲೆ ಹೂವು, ಎಲೆ ಒಂದು ಹಿಡಿ ಹೊಟ್ಟೆಗೆ ಹೋದರೂ ಕುದುರೆಯ ಹೃದಯ ನಿಲ್ಲಬಹುದು. ಮಾಲೆ ಕಟ್ಟುವವರಿಗೆ ಮೊದಲೇ ಹೇಳಿ, ಬೇಲಿ ಸಾಲಿನಲ್ಲಿ ಗಿಡ ಇದ್ದರೆ ಬೇರು ಸಮೇತ ಕೀಳಿ. ಒಣಗಲು ಹರಡಿದ ಅಡಿಕೆಯೂ ಹತ್ತಿರ ಇರಬಾರದು.

ಹಣ

ಟಿಕೆಟ್ ಮಾರಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಟಿಕೆಟ್ ಮಾರಿ ಜನರನ್ನು ಬಿಡುವ ಮನರಂಜನೆಯಲ್ಲಿ ಪ್ರಾಣಿಯನ್ನು ತೋರಿಸುವುದು 'ಪ್ರದರ್ಶನ', ಅದಕ್ಕೆ ನೋಂದಣಿ ಬೇಕು. ಪ್ರವೇಶ ಉಚಿತವಿರಲಿ, ಹೆಸರು ಮೊದಲೇ ಬರೆಸಿಕೊಳ್ಳಿ, ದಾನ ಒಳಗೆ. ಅದೃಷ್ಟ ಚೀಟಿಯೂ ಬೇಡ. ನಮ್ಮ ಊರಿನ ಕಾರ್ಯಕ್ರಮಗಳಲ್ಲಿ ಅದು ಮಾಮೂಲಿ, ಆದರೆ ದುಡ್ಡು ಪಡೆದು ಚೀಟಿ ಎತ್ತಿದರೆ ಅದು ಲಾಟರಿಯೇ, ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧವಿದೆ.

ಜನ 'ಸಂಸ್ಥೆಗೆ ಸಹಾಯ ಮಾಡಿ' ಎಂದರೆ ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ. ಯಾವುದಕ್ಕೆ ಎಂದು ಬರೆದರೆ ಕೈ ಬಿಚ್ಚುತ್ತಾರೆ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಣಹುಲ್ಲು, ಎರಡು ಮೂರು ಕಿಲೋ ಹಿಂಡಿ, ಹುರುಳಿ, 30ರಿಂದ 50 ಗ್ರಾಂ ಉಪ್ಪು, ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ. ನಿಮ್ಮದೇ ಹಿಂದಿನ ಮೂರು ತಿಂಗಳ ಬಿಲ್ಲುಗಳಿಂದ ಇವುಗಳ ದರ ತೆಗೆದು ಫಲಕ ಬರೆಯಿರಿ: ಒಂದು ದಿನದ ಮೇವು, ಒಂದು ವಾರದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ನಾಲ್ಕು ಲಾಳ. ಸೊಪ್ಪಿನ ಖರ್ಚು ಏಕೆ ಎಂದು ಕೇಳುವವರಿದ್ದಾರೆ, ಅವರಿಗೆ ವಿವರ ಕೊಡಿ. ಇಲ್ಲಿ ಸುಲಭಕ್ಕೆ ಬೆಳೆಯುವ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕುದುರೆಯ ಮೈಗೆ ಸುಣ್ಣದಂಶ ಸೇರಲು ಬಿಡುವುದಿಲ್ಲ. ಅದೊಂದನ್ನೇ ತಿಂದರೆ ಮೂಳೆ ಟೊಳ್ಳಾಗಿ ಮುಖ ಊದುತ್ತದೆ. ಕುದುರೆ ಮಸಾಲೆ ಆ ಕೊರತೆ ತುಂಬುತ್ತದೆ.

ಆ ದಿನದ ಮೊತ್ತಕ್ಕಿಂತ ತಿಂಗಳ ದಾನಿಗಳ ಸಂಖ್ಯೆ ಮುಖ್ಯ. ಯುಪಿಐ ಆಟೋಪೇ ಹೂಡಿಕೊಡಲು ಇಬ್ಬರು ಹುಡುಗರು ಮೇಜು ಹಾಕಿ ಕೂರಲಿ. ಕ್ಯೂಆರ್ ಕೋಡನ್ನು ಒಂದು ಮೀಟರ್ ದೂರದಿಂದ ಸ್ಕ್ಯಾನ್ ಮಾಡಬೇಕಿದ್ದರೆ ಹತ್ತು ಸೆಂಟಿಮೀಟರ್ ಅಗಲ ಬೇಕು, ಹೊಳಪಿಲ್ಲದ ಹಾಳೆಯಲ್ಲಿ. ಲ್ಯಾಮಿನೇಟ್ ಮಾಡಿದ್ದು ಬಿಸಿಲಿಗೆ ಮಿಂಚಿ ಓದಲು ಬರುವುದಿಲ್ಲ. ಖಾತೆಯ ಹೆಸರು ಟ್ರಸ್ಟಿನದೇ ಇರಲಿ, ಖಜಾಂಚಿಯ ಹೆಸರು ಕಂಡರೆ ಜನ ಫೋನ್ ಜೇಬಿಗೆ ಹಾಕುತ್ತಾರೆ. ಗುಡ್ಡೆಯ ಮೇಲೆ ನೆಟ್‌ವರ್ಕ್ ಯಾವ ಮೂಲೆಯಲ್ಲಿ ಸಿಗುತ್ತದೆ ನೋಡಿ ಮೇಜು ಅಲ್ಲೇ ಹಾಕಿ.

80ಜಿ ಮಾನ್ಯತೆ (ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಇದ್ದರೂ ನಗದಿನಲ್ಲಿ ₹2,000 ಮೀರಿದ ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ, ಇದನ್ನು ಮೇಜಿನ ಮೇಲೆ ಬರೆದಿಡಿ. ವಿದೇಶದ ವಿಷಯ ನಮ್ಮ ಜಿಲ್ಲೆಗಳಲ್ಲಿ ಖಂಡಿತ ಬರುತ್ತದೆ. ಕೊಲ್ಲಿಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಹೌದು, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ. ರಸೀದಿ ಬರೆಯುವ ಮೊದಲೇ ಕೇಳಿ.

ಮಾರಲು ನಿಮ್ಮಲ್ಲೇ ಒಳ್ಳೆಯ ಸರಕು ಇದೆ. ಒಂದು ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ. ಒಂದು ಮೀಟರ್ ಎತ್ತರ, ಅಗಲ, ಉದ್ದದ ರಾಶಿ ಮಾಡಿ, ಒಳಗೆ 55ರಿಂದ 65 ಡಿಗ್ರಿ ಬಿಸಿ ಏರುವಂತೆ ತೇವ ಇಟ್ಟು ವಾರಕ್ಕೊಮ್ಮೆ ತಿರುವಿದರೆ ಕಳೆಬೀಜ, ಹುಳದ ಮೊಟ್ಟೆ ಸಾಯುತ್ತವೆ. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ, ಹಾಗಾಗಿ ಸೆಪ್ಟೆಂಬರಿನಲ್ಲೇ ರಾಶಿ ಹಾಕಬೇಕು, ಮಳೆಗೆ ಮುಚ್ಚಿಗೆ ಹೊದಿಸಿ. ಹುಳದ ಮದ್ದು ಕೊಟ್ಟ ಮುಂದಿನ ಕೆಲವು ವಾರಗಳ ಲದ್ದಿ ಬೇರೆ ಇಡಿ, ಎರೆಹುಳಕ್ಕೆ ಅದು ಆಗದು. ಹತ್ತು ಕಿಲೋದ ಚೀಲ ಮಾಡಿದರೆ ಶಂಕರಪುರ ಸುತ್ತಿನ ಮಲ್ಲಿಗೆ ಬೆಳೆಗಾರರು, ತಾರಸಿ ತೋಟದವರು ಒಯ್ಯುತ್ತಾರೆ. ಹಳೆಯ ಲಾಳವನ್ನೂ ತಿಕ್ಕಿ ಬಣ್ಣ ಹಚ್ಚಿ ಮಾರಬಹುದು. ಪಂದ್ಯದಲ್ಲಿ ತೊಡುವುದು ಅಲ್ಯೂಮಿನಿಯಂ, ವಿಶ್ರಾಂತಿಯಲ್ಲಿ ಕಬ್ಬಿಣ, ಎರಡನ್ನೂ ಜೋಡಿಯಾಗಿ ಕೊಟ್ಟರೆ ನೋಡಲು ಚೆಂದ. ಶನಿಕಾಟ ಕಳೆಯುತ್ತದೆ ಎಂದು ಹೇಳಿ ಮಾರಬಾರದು. ಕುದುರೆಯ ಹೆಸರಿನಲ್ಲಿ ಸುಳ್ಳು ಹೇಳಿ ಬಂದ ದುಡ್ಡು ಈ ಕೆಲಸಕ್ಕೆ ಬೇಡ.

ಆ ದಿನ ಮತ್ತು ನಂತರ

ಒಂದು ತಂಡಕ್ಕೆ ಬೇಕಾದ ಕೈಗಳು: ಗೇಟು ಮತ್ತು ಪಾರ್ಕಿಂಗಿಗೆ ಮೂವರು, ಹಗ್ಗದ ಗೆರೆಗೆ ನಾಲ್ವರು, ಸೈಸ್ ಮೂವರು, ರಸೀದಿಗೆ ಇಬ್ಬರು, ನೀರಿಗೆ ಇಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು. ಹಗ್ಗದ ಬಳಿ ನಿಂತವರು ಕುದುರೆಯ ಕಡೆ ಅಲ್ಲ, ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಇದನ್ನು ಬೆಳಿಗ್ಗೆ ಹೇಳಿ, ಮಧ್ಯಾಹ್ನ ಮತ್ತೊಮ್ಮೆ ಹೇಳಿ.

ಕೊನೆಯ ತಂಡ ಹೋದ ಮೇಲೆ ಮೊದಲು ಲಾಯ, ಆಮೇಲೆ ದುಡ್ಡಿನ ಪೆಟ್ಟಿಗೆ. ಪ್ರತಿ ಕುದುರೆಯ ಮೈ ಬಿಸಿ ನೋಡಿ, 37.5ರಿಂದ 38.5 ಸರಿ. ನಾಡಿ ನಿಮಿಷಕ್ಕೆ 28ರಿಂದ 44. ಬಕೆಟ್ಟಿನಲ್ಲಿ ಎಷ್ಟು ನೀರು ಉಳಿದಿದೆ, ಎಷ್ಟು ಬಾರಿ ಲದ್ದಿ ಹಾಕಿದೆ ಎಂದು ಎರಡು ದಿನ ಬರೆದಿಡಿ. ಹೊಟ್ಟೆ ಕಡೆ ತಿರುಗಿ ನೋಡುವುದು, ನೆಲ ಕೆರೆಯುವುದು, ಮೇವು ಬಿಡುವುದು ಕಂಡರೆ ಅದು ಕೋಲಿಕ್ (ಹೊಟ್ಟೆಶೂಲೆ), ಬೆಳಗಾಗಲು ಕಾಯದೆ ವೈದ್ಯರನ್ನು ಕರೆಯಿರಿ. ಪೆಟ್ಟಿಗೆಯನ್ನು ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಮರುದಿನವೇ ಬ್ಯಾಂಕಿಗೆ ಕಟ್ಟಿ. ನಾರಿನ ಹಗ್ಗ ಬಿಚ್ಚಿ ಒಂದು ಬಿಸಿಲು ಒಣಗಿಸಿ ಸುತ್ತಿಡಿ. ದಾನಿಗಳಿಗೆ ರಸೀದಿಯನ್ನು ಎರಡು ದಿನದೊಳಗೆ ಕಳುಹಿಸಿ, ಜೊತೆಗೆ ಅವರು ಮೇವು ಕೊಟ್ಟ ಕುದುರೆಯ ಒಂದು ಫೋಟೋ. 80ಜಿ ದಾನಿಗಳ ವಿವರಪಟ್ಟಿ ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಹೋಗಬೇಕು. ಪ್ಯಾನ್ ಸಂಖ್ಯೆಯನ್ನು ಆ ದಿನವೇ ಬರೆಸಿಕೊಳ್ಳದಿದ್ದರೆ ಏಪ್ರಿಲ್ ಪೂರ್ತಿ ಫೋನ್ ಮಾಡುತ್ತಲೇ ಇರಬೇಕಾಗುತ್ತದೆ.